ಅಂಕಪಟ್ಟಿಯ ಪಕ್ಕ ಒಂದು ನೋಟ್‌ಬುಕ್

ಭಾನುವಾರದ ಸಂಜೆಗಳನ್ನು ಫಾರ್ಮುಲಾ ಒನ್ನಿಗೆ ಎತ್ತಿಟ್ಟಿರುವ ಕನ್ನಡದ ಗೆಳೆಯ ಗೆಳತಿಯರಿಗೆ,



ಕಳೆದ ಡಿಸೆಂಬರ್ 7ರ ಸಂಜೆ ನಿಮ್ಮಲ್ಲಿ ಬಹಳ ಜನ ಟಿವಿ ಮುಂದೆ ಕೂತಿದ್ದಿರಿ. ನಾನೂ ಕೂತಿದ್ದೆ, ತಂಗಿಯ ಮನೆಯ ಹಾಲ್‌ನಲ್ಲಿ, ಏಳೆಂಟು ಜನರ ಜೊತೆ, ನಡುವೆ ಒಂದು ತಟ್ಟೆ ತುಂಬ ಖಾರ ಮಂಡಕ್ಕಿ ಇಟ್ಟುಕೊಂಡು. ಅಬುಧಾಬಿಯಲ್ಲಿ 2025ರ ಕೊನೆಯ ರೇಸ್. ಮ್ಯಾಕ್ಸ್ ವರ್ಸ್ಟಾಪೆನ್ ಮೊದಲಿಗನಾಗಿ ಗೆರೆ ದಾಟಿದ. ಲ್ಯಾಂಡೊ ನಾರಿಸ್ ಮೂರನೆಯವನಾಗಿ ಬಂದು ಚಾಂಪಿಯನ್ ಆದ. 423ಕ್ಕೆ 421. ಬರೀ ಎರಡು ಅಂಕದ ಅಂತರ.

ತಂಗಿಯ ಮಗಳು ಒಂಬತ್ತನೇ ಕ್ಲಾಸು. ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿ ಕೇಳಿದಳು: "ಮಾಮ, ವರ್ಸ್ಟಾಪೆನ್ ಎಂಟು ರೇಸ್ ಗೆದ್ದಿದಾನೆ, ನಾರಿಸ್ ಏಳೇ. ಜಾಸ್ತಿ ಗೆದ್ದವನು ಹೆಂಗೆ ಸೋತ?" ನಾನು ಬಾಯಿ ತೆರೆಯುವಷ್ಟರಲ್ಲಿ ಹಾಲ್ ಎರಡು ಪಾಲಾಗಿತ್ತು. ಫೋನುಗಳೂ ಗುಂಯ್‌ಗುಡತೊಡಗಿದವು. ಅರ್ಹತೆಯಿಲ್ಲದ ಚಾಂಪಿಯನ್ ಅಂತ ಒಬ್ಬರು, ಕಾರು ಗೆದ್ದಿತು ಚಾಲಕನಲ್ಲ ಅಂತ ಇನ್ನೊಬ್ಬರು. ಆ ರಾತ್ರಿ ನಿಮ್ಮ ಬರಹಗಳನ್ನೆಲ್ಲ ಓದುತ್ತಾ ಕೂತೆ. ನಿಮ್ಮ ಪ್ರೀತಿ ನನಗೆ ಗೊತ್ತು, ನನ್ನದೂ ಅದೇ. ಆದರೆ ಒಂದು ಪಟ್ಟಿಯನ್ನು ಹಿಡಿದುಕೊಂಡು ಅದರಿಂದ ಎರಡು ಬೇರೆ ಬೇರೆ ಕೆಲಸ ತೆಗೆಯಲು ಹೋಗುತ್ತಿದ್ದೇವೆ ಅನಿಸಿತು. ಅದನ್ನು ಹೇಳಲಿಕ್ಕೇ ಈ ಪತ್ರ.

ಅಂಕಪಟ್ಟಿ ಇರುವುದು ಕಪ್ ಯಾರಿಗೆ ಅಂತ ತೀರ್ಮಾನ ಮಾಡಲಿಕ್ಕೆ. ಯಾರು ಒಳ್ಳೆಯ ಚಾಲಕ ಅಂತ ಅಳೆಯುವುದು ಅದರ ಕೆಲಸವಲ್ಲ, ಅದು ಹಾಗೆಂದು ಯಾವತ್ತೂ ಹೇಳಿಕೊಂಡಿಲ್ಲ. ನಾವೇ ಅದರ ತಲೆಗೆ ಆ ಹೊರೆ ಹೊರಿಸಿದ್ದೇವೆ.

ನನ್ನ ಸೋದರಸೊಸೆಯ ಪ್ರಶ್ನೆ ಹೊಸದೇನಲ್ಲ. 1958ರಲ್ಲಿ ಸ್ಟರ್ಲಿಂಗ್ ಮಾಸ್ ನಾಲ್ಕು ರೇಸ್ ಗೆದ್ದ, ಮೈಕ್ ಹಾಥಾರ್ನ್ ಒಂದೇ ಒಂದು. ಚಾಂಪಿಯನ್ ಆದದ್ದು ಹಾಥಾರ್ನ್, 42ಕ್ಕೆ 41. ಆ ವರ್ಷ ಪೋರ್ಚುಗಲ್‌ನ ಪೋರ್ಟೊದಲ್ಲಿ ಹಾಥಾರ್ನ್ ಕಾರು ತಿರುಗಿ ನಿಂತುಹೋಯಿತು. ಅವನು ಅದನ್ನು ಮತ್ತೆ ಹೊರಡಿಸಿದ ರೀತಿ ನಿಯಮಕ್ಕೆ ವಿರುದ್ಧ ಅಂತ ಅಧಿಕಾರಿಗಳು ಅವನನ್ನು ಅನರ್ಹಗೊಳಿಸಲು ಹೊರಟರು. ಆಗ ಮಾಸ್ ತಾನಾಗಿ ಹೋಗಿ ಸಾಕ್ಷಿ ಹೇಳಿದ: ಹಾಥಾರ್ನ್ ಕಾರು ಟ್ರ್ಯಾಕ್ ಮೇಲಿರಲಿಲ್ಲ, ಪಕ್ಕದ ಕಾಲುದಾರಿಯ ಮೇಲಿತ್ತು ಎಂದು. ಎರಡನೇ ಸ್ಥಾನ ಹಾಥಾರ್ನ್‌ಗೇ ಉಳಿಯಿತು. ಅದರ ಆರು ಅಂಕ, ವೇಗದ ಲ್ಯಾಪಿನ ಇನ್ನೊಂದು ಅಂಕ. ವರ್ಷದ ಕೊನೆಗೆ ಮಾಸ್ ಕಪ್ ಕಳೆದುಕೊಂಡದ್ದು ಒಂದೇ ಅಂಕದಿಂದ, ಮುಂದೆ ಯಾವತ್ತೂ ಅವನಿಗೆ ಅದು ಸಿಗಲಿಲ್ಲ. ಮಾಸ್ ದೊಡ್ಡ ಚಾಲಕನಲ್ಲ ಅಂತ ಹೇಳುವವರು ಇವತ್ತಿಗೂ ಯಾರೂ ಇಲ್ಲ. ಅಂಕಪಟ್ಟಿಗೆ ಗೊತ್ತಿಲ್ಲದ್ದು ಜನಕ್ಕೆ ಗೊತ್ತಿದೆ.

ಅಂಕ ಅನ್ನುವುದು ಆಕಾಶದಿಂದ ಇಳಿದು ಬಂದದ್ದಲ್ಲ, ಜನ ಕೂತು ಮಾಡಿದ ನಿಯಮ. 1950ರ ಮೊದಲ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಐವರಿಗೆ 8, 6, 4, 3, 2. ಅತಿ ವೇಗದ ಲ್ಯಾಪಿಗೆ ಒಂದು. ಏಳು ರೇಸುಗಳಲ್ಲಿ ಅತ್ಯುತ್ತಮ ನಾಲ್ಕನ್ನು ಮಾತ್ರ ಹಿಡಿಯುವುದು. 1954ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಸ್ಟಾಪ್‌ವಾಚ್‌ಗಳು ಬರೀ ಸೆಕೆಂಡು ಎಣಿಸುತ್ತಿದ್ದವು, ಸೆಕೆಂಡಿನ ಭಾಗಗಳ ಲೆಕ್ಕವಿಲ್ಲ. ಏಳು ಜನರ ವೇಗದ ಲ್ಯಾಪ್ ಒಂದೇ ಬಂತು: ಒಂದು ನಿಮಿಷ ಐವತ್ತು ಸೆಕೆಂಡು. ಆ ಒಂದು ಅಂಕವನ್ನು ಏಳು ಹೋಳು ಮಾಡಿ ಹಂಚಿದರು. ಹಳೆಯ ದಾಖಲೆಗಳಲ್ಲಿ ಫ್ಯಾಂಜಿಯೊ ಹೆಸರಿನ ಮುಂದೆ ಕಾಣುವ 0.14 ಅಲ್ಲಿಂದ ಬಂದದ್ದು. ಹದಿನಾಲ್ಕನೇ ವಯಸ್ಸಿನಲ್ಲಿ ಆ ಸಂಖ್ಯೆಯನ್ನು ಮೊದಲು ನೋಡಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ಆಮೇಲೆ ನಿಯಮಗಳು ಬದಲಾಗುತ್ತಾ ಬಂದವು. ಗೆಲುವಿಗೆ 1961ರಿಂದ ಒಂಬತ್ತು, 1991ರಿಂದ ಹತ್ತು, 2010ರಿಂದ ಇಪ್ಪತ್ತೈದು. 2014ರಲ್ಲಿ ಒಂದೇ ವರ್ಷ ಕೊನೆಯ ರೇಸಿಗೆ ಎರಡರಷ್ಟು ಅಂಕ ಕೊಟ್ಟರು. ಅದು ಕೆಟ್ಟ ಯೋಚನೆ, ಬೇಗ ಬಿಟ್ಟದ್ದು ಒಳ್ಳೆಯದಾಯಿತು. ಎಷ್ಟೋ ವರ್ಷ ಕೆಟ್ಟ ರೇಸುಗಳ ಅಂಕವನ್ನು ಕಳೆದು ಲೆಕ್ಕ ಹಾಕುವ ಪದ್ಧತಿಯೂ ಇತ್ತು. ಕಾರುಗಳು ಆಗಾಗ ಕೆಟ್ಟು ನಿಲ್ಲುತ್ತಿದ್ದ ಕಾಲಕ್ಕೆ ಅದು ನ್ಯಾಯವೇ. 1988ರಲ್ಲಿ ಅಲೇನ್ ಪ್ರೋಸ್ಟ್ ಒಟ್ಟು 105 ಅಂಕ ಗಳಿಸಿದ, ಐರ್ಟನ್ ಸೆನ್ನಾ 94. ಹದಿನಾರು ರೇಸುಗಳಲ್ಲಿ ಹನ್ನೊಂದನ್ನು ಮಾತ್ರ ಹಿಡಿದಾಗ ಪ್ರೋಸ್ಟ್ 87, ಸೆನ್ನಾ 90. ಚಾಂಪಿಯನ್ ಸೆನ್ನಾ. ನಿಮ್ಮಲ್ಲಿ ಕೆಲವರು ಇದನ್ನು ಪ್ರೋಸ್ಟ್‌ಗೆ ಆದ ಮೋಸ ಅಂತ ಬರೆದಿದ್ದೀರಿ.

ಇಲ್ಲೇ ನಾನು ನಿಮ್ಮನ್ನು ಒಂದು ನಿಮಿಷ ತಡೆಯಬೇಕು. ಒಂದು ಕಾಲದ ರೇಸುಗಳನ್ನು ಇನ್ನೊಂದು ಕಾಲದ ನಿಯಮದಿಂದ ಮತ್ತೆ ಎಣಿಸುವ ಆಟ ನನಗೂ ಇಷ್ಟ. ಎಷ್ಟೋ ರಾತ್ರಿ ಅದರಲ್ಲೇ ಕಳೆದಿದ್ದೇನೆ. ಆದರೆ ಅದರಿಂದ ಹುಟ್ಟುವ ಉತ್ತರವನ್ನು ನಂಬಬಾರದು. ಯಾಕೆಂದರೆ ಚಾಲಕ ತನ್ನ ಕಾಲದ ನಿಯಮ ತಿಳಿದೇ ಓಡಿಸಿರುತ್ತಾನೆ. ಕಳೆಯುವ ಪದ್ಧತಿ ಇದ್ದಾಗ ಎರಡನೇ ಸ್ಥಾನಕ್ಕೆ ಬೆಲೆ ಕಡಿಮೆ, ಗೆಲುವಿಗಾಗಿ ಅಪಾಯ ಮೈಮೇಲೆ ಹಾಕಿಕೊಳ್ಳುವುದೇ ಲಾಭ. ಸೆನ್ನಾಗೆ ಆ ವರ್ಷ ಎಂಟು ಗೆಲುವು, ಪ್ರೋಸ್ಟ್‌ಗೆ ಏಳು. ಎಲ್ಲ ಹದಿನಾರನ್ನೂ ಹಿಡಿಯುತ್ತಾರೆ ಅಂತಿದ್ದಿದ್ದರೆ ಸೆನ್ನಾ ಅದೇ ರೀತಿ ಓಡಿಸುತ್ತಿದ್ದನೇ?

2008ರ ಬ್ರೆಜಿಲ್ ನೆನಪಿದೆಯಲ್ಲ. ಇಂಟರ್‌ಲಾಗೋಸ್‌ನಲ್ಲಿ ಮಳೆ. ಫೆಲಿಪೆ ಮಾಸ್ಸಾ ತನ್ನ ಊರಿನಲ್ಲೇ ಗೆದ್ದು ಗೆರೆ ದಾಟಿದ, ಫೆರಾರಿಯ ಗ್ಯಾರೇಜಿನಲ್ಲಿ ಅವನ ಮನೆಯವರು ಕುಣಿದರು. ಲೂಯಿಸ್ ಹ್ಯಾಮಿಲ್ಟನ್‌ಗೆ ಐದನೇ ಸ್ಥಾನ ಸಾಕಿತ್ತು, ಆದರೆ ಅವನು ಆರನೆಯವನಾಗಿದ್ದ. ಒಣ ಟೈರಿನಲ್ಲಿ ಜಾರುತ್ತಿದ್ದ ಟಿಮೊ ಗ್ಲಾಕ್‌ನನ್ನು ಕಟ್ಟಕಡೆಯ ತಿರುವುಗಳಲ್ಲಿ ದಾಟಿ ಐದನೆಯವನಾದ. 98ಕ್ಕೆ 97. ಮಾಸ್ಸಾಗೆ ಆರು ಗೆಲುವು, ಹ್ಯಾಮಿಲ್ಟನ್‌ಗೆ ಐದು. ಆಗ ಫಾರ್ಮುಲಾ ಒನ್ನಿನ ಮುಖ್ಯಸ್ಥನಾಗಿದ್ದ ಬರ್ನಿ ಎಕಲ್‌ಸ್ಟೋನ್ ಒಲಿಂಪಿಕ್ಸ್‌ನ ಹಾಗೆ ಪದಕ ಕೊಡೋಣ, ಚಿನ್ನ ಹೆಚ್ಚಿದ್ದವನೇ ಚಾಂಪಿಯನ್ ಎಂದ. 2009ರ ಮಾರ್ಚ್‌ನಲ್ಲಿ ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಐಎ, ಪದಕ ಬಿಟ್ಟು, ಹೆಚ್ಚು ರೇಸ್ ಗೆದ್ದವನೇ ಚಾಂಪಿಯನ್ ಅಂತ ತೀರ್ಮಾನವನ್ನೂ ಮಾಡಿತು. ತಂಡಗಳು ಒಪ್ಪಲಿಲ್ಲ, ಮೊದಲ ರೇಸಿಗೆ ಮುಂಚೆಯೇ ಅದು ಬಿದ್ದುಹೋಯಿತು. ಆ ಲೆಕ್ಕದಲ್ಲಿ 2008ರ ಕಪ್ ಮಾಸ್ಸಾದು ಅಂತ ಹೇಳುವವರಿಗೆ ನಾನು ಕೇಳುವುದು ಇಷ್ಟೇ: ಐದನೇ ಸ್ಥಾನ ಸಾಕು ಅಂತ ಗೊತ್ತಿದ್ದಕ್ಕೇ ತಾನೆ ಹ್ಯಾಮಿಲ್ಟನ್ ಆ ದಿನ ಅಷ್ಟು ಹುಷಾರಾಗಿ ಓಡಿಸಿದ್ದು?

ಪದಕದ ಯೋಚನೆ ಬೀಳಬೇಕಾಗಿದ್ದುದಕ್ಕೆ ನನಗೆ ಇನ್ನೊಂದು ಕಾರಣವೂ ಇದೆ. 2014ರಲ್ಲಿ ಮೊನಾಕೊದಲ್ಲಿ ಜೂಲ್ಸ್ ಬಿಯಾಂಕಿ ಒಂಬತ್ತನೆಯವನಾದ. ಮರೂಸಿಯಾ ತಂಡಕ್ಕೆ ಅದು ಚರಿತ್ರೆಯಲ್ಲೇ ಮೊದಲ ಅಂಕ, ಬರೀ ಎರಡು. ಬಹುಮಾನದ ಹಣ ತಂಡಗಳ ಪಟ್ಟಿಯನ್ನು ನೋಡಿ ಹಂಚುವುದರಿಂದ ಆ ಎರಡು ಅಂಕಕ್ಕೆ ಕೋಟಿಗಟ್ಟಲೆ ಬೆಲೆಯಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಜುಕಾದಲ್ಲಿ ಅವನ ಕಾರು ಅಪಘಾತಕ್ಕೀಡಾಯಿತು, 2015ರ ಜುಲೈನಲ್ಲಿ ಅವನು ತೀರಿಕೊಂಡ. ಮೊದಲ ಎಂಟು ಜನಕ್ಕೆ ಮಾತ್ರ ಅಂಕ ಕೊಡುತ್ತಿದ್ದ 2009ರ ನಿಯಮ ಉಳಿದಿದ್ದರೆ ಆ ಹುಡುಗನ ಹೆಸರಿನ ಮುಂದೆ ಸೊನ್ನೆಯೇ ಇರುತ್ತಿತ್ತು.

ಹಾಗಾದರೆ ಚಾಲಕನನ್ನು ಅಳೆಯುವುದು ಹೇಗೆ? 2019ರ ಅಂಕಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಕೆಳಗಿನ ಎರಡು ಸಾಲು ವಿಲಿಯಮ್ಸ್ ತಂಡದವು. ಹತ್ತೊಂಬತ್ತನೆಯವನು ರಾಬರ್ಟ್ ಕುಬಿತ್ಸ, ಒಂದು ಅಂಕ. ಇಪ್ಪತ್ತನೆಯವನು ಜಾರ್ಜ್ ರಸೆಲ್, ಸೊನ್ನೆ. ಆ ಒಂದು ಅಂಕ ಬಂದದ್ದು ಮಳೆಯ ಹಾಕೆನ್‌ಹೈಮ್‌ನಲ್ಲಿ. ಕುಬಿತ್ಸ ಹನ್ನೆರಡನೆಯವನಾಗಿ ಮುಗಿಸಿದ್ದ. ಮುಂದಿದ್ದ ಇಬ್ಬರು ಆಲ್ಫಾ ರೋಮಿಯೊ ಚಾಲಕರಿಗೆ ದಂಡ ಬಿದ್ದು ಅವನು ಹತ್ತನೆಯವನಾದ, ರಸೆಲ್ ಹನ್ನೊಂದನೆಯವನಾದ. ಹಿಂದೆ ಅಪಘಾತದಲ್ಲಿ ಕೈಗೆ ದೊಡ್ಡ ಪೆಟ್ಟು ಬಿದ್ದ ಮೇಲೂ ವಾಪಸ್ ಬಂದು ಓಡಿಸಿದ ಕುಬಿತ್ಸನ ಬಗ್ಗೆ ನನಗೆ ಗೌರವವಿದೆ. ಆದರೆ ಆ ವರ್ಷದ 21 ಕ್ವಾಲಿಫೈಯಿಂಗ್‌ಗಳಲ್ಲಿ 21ರಲ್ಲೂ ರಸೆಲ್ ಅವನಿಗಿಂತ ಮುಂದಿದ್ದ. ಒಂದೇ ತಂಡ, ಒಂದೇ ಬಗೆಯ ಕಾರು. ಪಟ್ಟಿಯ ಪ್ರಕಾರ ರಸೆಲ್ ಇಡೀ ಜಗತ್ತಿಗೇ ಕೊನೆಯವನು.

ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಹ್ಯಾಮಿಲ್ಟನ್‌ಗೆ ಕೋವಿಡ್ ಬಂತು. ಬಹರೇನ್‌ನ ಸಾಖೀರ್‌ನಲ್ಲಿ ಮರ್ಸಿಡಿಸ್ ಕಾರಿಗೆ ರಸೆಲ್‌ನನ್ನು ಕರೆದರು. ಆ ಕಾರು ಅವನ ಎತ್ತರಕ್ಕೆ ಮಾಡಿದ್ದಲ್ಲ, ಚಿಕ್ಕ ಶೂ ಹಾಕಿಕೊಂಡು ಹೇಗೋ ಹೊಂದಿಸಿಕೊಂಡ. ಕ್ವಾಲಿಫೈಯಿಂಗ್‌ನಲ್ಲಿ ಅಲ್ಲಿನ ಜೊತೆಗಾರ ಬೊಟ್ಟಾಸ್‌ಗಿಂತ 0.026 ಸೆಕೆಂಡು ಹಿಂದೆ. ರೇಸ್ ಶುರುವಾದ ಎರಡನೇ ತಿರುವಿಗೆ ಅವನೇ ಮುಂದೆ. ಪಿಟ್‌ನಲ್ಲಿ ಬೊಟ್ಟಾಸ್‌ನ ಟೈರುಗಳನ್ನು ಇವನ ಕಾರಿಗೆ ಹಾಕಿದರು, ಅದನ್ನು ಸರಿಪಡಿಸಲು ಮತ್ತೆ ಒಳಗೆ ಬರಬೇಕಾಯಿತು, ಆಮೇಲೆ ಇನ್ನೊಂದು ಟೈರಿನ ಗಾಳಿ ಹೋಯಿತು. ಗೆಲ್ಲಬೇಕಾದವನು ಒಂಬತ್ತನೆಯವನಾದ. ಒಂಬತ್ತನೇ ಸ್ಥಾನಕ್ಕೆ ಎರಡು, ವೇಗದ ಲ್ಯಾಪಿಗೆ ಒಂದು, ಒಟ್ಟು ಮೂರು. ಫಾರ್ಮುಲಾ ಒನ್ನಿನಲ್ಲಿ ಅವನ ಮೊದಲ ಅಂಕಗಳು. ಹಿಂದಿನ ಭಾನುವಾರ ವಿಲಿಯಮ್ಸ್‌ನಲ್ಲಿ ಸೊನ್ನೆಯಾಗಿದ್ದವನು ಒಂದು ವಾರದಲ್ಲಿ ಓಡಿಸುವುದನ್ನು ಕಲಿತನೇ? ಅವನ ಕೆಳಗಿದ್ದ ಕಾರು ಬದಲಾಯಿತು, ಅಷ್ಟೇ.

ನಮ್ಮ ಕರಾವಳಿಯವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅದನ್ನು ನೂರು ಮೀಟರಿಗೆ ಇಳಿಸಿ 9.55 ಅಂತ ಲೆಕ್ಕ ಹಾಕಿ ಬೋಲ್ಟ್‌ನ ಪಕ್ಕ ಇಟ್ಟಿತು. ಕೆಸರಿನಲ್ಲಿ ಕೋಣಗಳ ಹಗ್ಗ ಹಿಡಿದು ಓಡಿದವರಿಗೆ ಗೊತ್ತು, ಅದರಲ್ಲಿ ಕೋಣಗಳ ಪಾಲೆಷ್ಟು, ಓಡಿಸಿದವರ ಪಾಲೆಷ್ಟು ಅಂತ ಆ ಒಂದು ಸಂಖ್ಯೆ ಹೇಳುವುದಿಲ್ಲ. ಹಾಗಂತ ಓಡಿಸಿದವರ ಪಾಲು ಸುಳ್ಳಲ್ಲ. ಅದೇ ಜೋಡಿ ಕೋಣಗಳನ್ನು ಇನ್ನೊಬ್ಬರು ಓಡಿಸಿದಾಗ ಎಷ್ಟು ಬಂತು ಅನ್ನುವುದನ್ನು ನೋಡಬೇಕು.

ಫಾರ್ಮುಲಾ ಒನ್ನಿನಲ್ಲಿ ನಮ್ಮ ಭಾಗ್ಯಕ್ಕೆ ಪ್ರತಿ ತಂಡಕ್ಕೂ ಎರಡು ಕಾರಿವೆ. ಇಡೀ ಗ್ರಿಡ್‌ನಲ್ಲಿ ಒಬ್ಬ ಚಾಲಕನನ್ನು ನ್ಯಾಯವಾಗಿ ಹೋಲಿಸಬಹುದಾದದ್ದು ಒಬ್ಬನ ಜೊತೆ ಮಾತ್ರ, ಅದೇ ತಂಡದ ಅವನ ಜೊತೆಗಾರನ ಜೊತೆ. ಅಂಕಪಟ್ಟಿಯ ಪಕ್ಕದಲ್ಲಿ ಇದಕ್ಕೊಂದು ನೋಟ್‌ಬುಕ್ ಇಡಿ ಅಂತ ನಿಮ್ಮನ್ನೆಲ್ಲ ಕೇಳಿಕೊಳ್ಳುತ್ತಿದ್ದೇನೆ. ನಾನು ಇಟ್ಟಿದ್ದೇನೆ. ಇನ್ನೂರು ಪುಟದ ಸಾದಾ ಲಾಂಗ್ ನೋಟ್‌ಬುಕ್, ಸ್ಕೇಲಿನಲ್ಲಿ ಗೆರೆ ಎಳೆದದ್ದು. ಎಡಗಡೆ ತಂಡ. ಆಮೇಲೆ ಕ್ವಾಲಿಫೈಯಿಂಗ್‌ನಲ್ಲಿ ಇಬ್ಬರಲ್ಲಿ ಯಾರು ಮುಂದೆ, ಎಷ್ಟು ಸೆಕೆಂಡಿನಿಂದ. ಆಮೇಲೆ ರೇಸ್‌ನಲ್ಲಿ ಇಬ್ಬರೂ ಮುಗಿಸಿದ್ದರೆ ಯಾರು ಮುಂದೆ. ಕಾರು ಕೆಟ್ಟು ನಿಂತಿದ್ದರೆ 'ಕೆ' ಅಂತ ಬರೆದು ಆ ರೇಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಾಲಕನೇ ಗೋಡೆಗೆ ಗುದ್ದಿದ್ದರೆ 'ತ', ಅದು ಲೆಕ್ಕಕ್ಕುಂಟು.

ಈ ನೋಟ್‌ಬುಕ್ಕಿನಲ್ಲಿ ನಾನು ಅತಿ ಹೆಚ್ಚು ತಿದ್ದಿರುವ ಪುಟ ಮೆಕ್ಲಾರೆನ್‌ದು, 2010ರಿಂದ 2012. ಹ್ಯಾಮಿಲ್ಟನ್ ಮತ್ತು ಜೆನ್ಸನ್ ಬಟನ್ ಮೂರು ವರ್ಷ ಒಂದೇ ತಂಡದಲ್ಲಿದ್ದರು. 2010ರಲ್ಲಿ ಹ್ಯಾಮಿಲ್ಟನ್ 240, ಬಟನ್ 214. 2011ರಲ್ಲಿ ಬಟನ್ 270, ಹ್ಯಾಮಿಲ್ಟನ್ 227. 2012ರಲ್ಲಿ ಹ್ಯಾಮಿಲ್ಟನ್ 190, ಬಟನ್ 188. ಕೂಡಿಸಿ ನೋಡಿ: ಬಟನ್ 672, ಹ್ಯಾಮಿಲ್ಟನ್ 657. ಒಟ್ಟು ಅಂಕ ಹಿಡಿದರೆ ಬಟನ್ ಮುಂದೆ. ವರ್ಷಗಳನ್ನು ಎಣಿಸಿದರೆ ಹ್ಯಾಮಿಲ್ಟನ್ ಎರಡು, ಬಟನ್ ಒಂದು. ಗೆಲುವುಗಳನ್ನು ಎಣಿಸಿದರೆ ಹ್ಯಾಮಿಲ್ಟನ್ ಹತ್ತು, ಬಟನ್ ಎಂಟು. ಕಾರು ಒಂದೇ ಆದ ಮೇಲೂ ಲೆಕ್ಕ ಒಂದೇ ಮಾತು ಹೇಳುತ್ತಿಲ್ಲ.

ಪುಟವನ್ನು ಸಾಲು ಸಾಲಾಗಿ ಓದಿದಾಗ ಮಾತ್ರ ಕಥೆ ಕಾಣುತ್ತದೆ. 2012ರ ಸಿಂಗಪುರ: ಹ್ಯಾಮಿಲ್ಟನ್ ಪೋಲ್‌ನಲ್ಲಿದ್ದ, ಮುಂದೆ ಓಡುತ್ತಿದ್ದ, ಗೇರ್‌ಬಾಕ್ಸ್ ಹೋಯಿತು. 'ಕೆ'. ಅದೇ ವರ್ಷ ಅಬುಧಾಬಿ: ಮತ್ತೆ ಪೋಲ್, ಮತ್ತೆ ಮುಂದೆ, ಇಂಧನದ ಒತ್ತಡ ಬಿದ್ದುಹೋಯಿತು. ಇನ್ನೊಂದು 'ಕೆ'. ಇವೆರಡನ್ನೇ ನೋಡಿದರೆ ಹ್ಯಾಮಿಲ್ಟನ್‌ಗೆ ಅನ್ಯಾಯ ಅನಿಸುತ್ತದೆ. ಪುಟ ಹಿಂದಕ್ಕೆ ತಿರುಗಿಸಿದರೆ 2011, ಆ ವರ್ಷ ಹ್ಯಾಮಿಲ್ಟನ್ ಹೆಸರಿನ ಮುಂದೆ ಒಂದಾದ ಮೇಲೊಂದು ಡಿಕ್ಕಿ. ಕೆನಡಾದಲ್ಲಿ ಮಳೆಯಲ್ಲಿ ಬಟನ್ ಮತ್ತು ಹ್ಯಾಮಿಲ್ಟನ್ ಒಬ್ಬರಿಗೊಬ್ಬರು ತಾಗಿದರು. ಹ್ಯಾಮಿಲ್ಟನ್ ಹೊರಬಿದ್ದ. ಬಟನ್ ಒಂದು ಹಂತದಲ್ಲಿ ಕಟ್ಟಕಡೆಗೆ ಹೋಗಿ, ಅಲ್ಲಿಂದ ಒಬ್ಬೊಬ್ಬರನ್ನೇ ದಾಟುತ್ತಾ ಬಂದು, ಕೊನೆಯ ಲ್ಯಾಪಿನಲ್ಲಿ ವೆಟ್ಟೆಲ್ ಜಾರಿದಾಗ ಮುಂದೆ ಹೋಗಿ ಗೆದ್ದ. ಮಳೆಗೆ ನಿಲ್ಲಿಸಿದ್ದೂ ಸೇರಿ ನಾಲ್ಕು ಗಂಟೆ ನಾಲ್ಕು ನಿಮಿಷದ ರೇಸ್. ಆ ಡಿಕ್ಕಿಗೆ ಯಾರ ಹೆಸರಿನ ಮುಂದೆ 'ತ' ಹಾಕಬೇಕು? ಮೊದಲು ಹ್ಯಾಮಿಲ್ಟನ್‌ಗೆ ಹಾಕಿದೆ, ಅಳಿಸಿದೆ, ಬಟನ್‌ಗೆ ಹಾಕಿದೆ, ಅದನ್ನೂ ಅಳಿಸಿದೆ. ಕಾಗದ ಅಲ್ಲಿ ತೆಳ್ಳಗಾಗಿದೆ. ಈಗ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.

ಕ್ವಾಲಿಫೈಯಿಂಗ್‌ನಲ್ಲಿ ಹ್ಯಾಮಿಲ್ಟನ್ ಬಹಳ ಮುಂದಿದ್ದ, ಮಳೆ ಬಂದು ಟೈರ್ ಯಾವಾಗ ಬದಲಿಸಬೇಕು ಅಂತ ತೀರ್ಮಾನ ಮಾಡುವುದರಲ್ಲಿ ಬಟನ್ ಮುಂದಿದ್ದ. ಆ ಪುಟವನ್ನು ಅಷ್ಟು ಸಲ ಓದಿ ನಾನು ಕಂಡುಕೊಂಡದ್ದು ಇದು. ಹ್ಯಾಮಿಲ್ಟನ್ ದೊಡ್ಡವನೋ ಬಟನ್ ದೊಡ್ಡವನೋ ಅನ್ನುವ ಜಗಳಕ್ಕಿಂತ ಇದು ನನಗೆ ಹೆಚ್ಚು ರುಚಿಸಿತು.

ನಾವು ಪೆನ್ಸಿಲ್‌ನಲ್ಲಿ ಮಾಡುವುದನ್ನು ಪಂಡಿತರು ಕಂಪ್ಯೂಟರಿನಲ್ಲಿ ಮಾಡಿದ್ದಾರೆ. ಇಂಗ್ಲೆಂಡಿನ ಷೆಫೀಲ್ಡ್‌ನ ಸಂಶೋಧಕರು 1950ರಿಂದ 2014ರ ತನಕದ ಫಲಿತಾಂಶಗಳನ್ನೆಲ್ಲ ಹಿಡಿದು ತಂಡದ ಪಾಲು, ಚಾಲಕನ ಪಾಲು ಬೇರ್ಪಡಿಸಿದರು. 2016ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಎರಡನ್ನೂ ತೂಗಿದಾಗ ತಂಡದ್ದೇ ಶೇ 86. ಮೊದಲಿಗ ಫ್ಯಾಂಜಿಯೊ. 2014ರಿಂದ 2021ರವರೆಗಿನ ವರ್ಷಗಳನ್ನು ಬೇರೆ ವಿಧಾನದಲ್ಲಿ ನೋಡಿದ ಇನ್ನೊಂದು ಅಧ್ಯಯನಕ್ಕೆ ತಂಡದ ಪಾಲು ಶೇ 88ರಷ್ಟು ಕಂಡಿತು. ಇವೆರಡನ್ನು ಓದಿದ ಮೇಲೆ ಅಂಕಪಟ್ಟಿ ನೋಡಿ ಯಾರನ್ನಾದರೂ ಬೈಯಲು ನನಗೆ ಬಾಯಿ ಬಂದಿಲ್ಲ.

ಈ ಲೆಕ್ಕಗಳು ನಡೆಯುವುದು ಸರಪಳಿಯ ಮೇಲೆ. ಎ ಬಿಗಿಂತ ಇಷ್ಟು ಮುಂದೆ, ಬಿ ಮುಂದಿನ ವರ್ಷ ಸಿ ಜೊತೆ ಅಷ್ಟು ಹಿಂದೆ, ಹಾಗಾದರೆ ಎ ಮತ್ತು ಸಿ ನಡುವೆ ಎಷ್ಟು? ಚೆಸ್‌ನಲ್ಲಿ ಆನಂದ್, ಗುಕೇಶ್ ಅವರ ರೇಟಿಂಗ್ ಲೆಕ್ಕ ಹಾಕುವ ಎಲೋ ಪದ್ಧತಿಯ ಹಿಂದೆಯೂ ಇಂಥದ್ದೇ ಯೋಚನೆ ಇದೆ. ಒಬ್ಬೊಬ್ಬರೂ ಎಲ್ಲರ ಜೊತೆ ಆಡಬೇಕಾಗಿಲ್ಲ. ಆದರೆ ಸರಪಳಿಯ ಒಂದು ಕೊಂಡಿ ಸಡಿಲವಿದ್ದರೆ ಉತ್ತರ ಎಲ್ಲೋ ಹೋಗಿ ನಿಲ್ಲುತ್ತದೆ. 2020ರಲ್ಲಿ ಅಮೆಜಾನ್‌ನವರು ಫಾರ್ಮುಲಾ ಒನ್ ಜೊತೆ ಸೇರಿ 1983ರಿಂದೀಚೆಗಿನ ಕ್ವಾಲಿಫೈಯಿಂಗ್ ವೇಗವನ್ನು ಹೀಗೆ ಜೊತೆಗಾರರ ಮೂಲಕ ಅಳೆದು ಪಟ್ಟಿ ಮಾಡಿದರು. ಸೆನ್ನಾ ಮೊದಲು, ಷೂಮಾಕರ್ ಎರಡು, ಹ್ಯಾಮಿಲ್ಟನ್ ಮೂರು. ಎಲ್ಲರೂ ತಲೆಯಾಡಿಸಿದರು. ಎಂಟನೆಯವನು ಹೈಕಿ ಕೊವಾಲೈನೆನ್! ವೆಟ್ಟೆಲ್‌ಗಿಂತ ಮೇಲೆ. ಒಂದೇ ಒಂದು ರೇಸ್ ಗೆದ್ದವನು.

ನನ್ನ ನೋಟ್‌ಬುಕ್ ಬಿಡಿಸಿ ಕೊಂಡಿ ಹುಡುಕಿದೆ. ಕೊವಾಲೈನೆನ್ 2010, 2011ರಲ್ಲಿ ಯಾರ್ನೊ ಟ್ರುಲ್ಲಿಗಿಂತ ಮುಂದಿದ್ದ. ಟ್ರುಲ್ಲಿ ಕ್ವಾಲಿಫೈಯಿಂಗ್‌ಗೆ ಹೆಸರಾದವನು, 2003, 2004ರಲ್ಲಿ ಅಲೊನ್ಸೊ ಜೊತೆ ಓಡಿಸಿದವನು. ಅಂದರೆ ಅಲೊನ್ಸೊ, ಟ್ರುಲ್ಲಿ, ಕೊವಾಲೈನೆನ್ ಒಂದೇ ಸರಪಳಿ. ಆದರೆ 2004ರ ಟ್ರುಲ್ಲಿಗೆ ಮೂವತ್ತು, 2010ರ ಟ್ರುಲ್ಲಿಗೆ ಮೂವತ್ತಾರು. ಆ ಆರು ವರ್ಷ ಆ ಪಟ್ಟಿಯಲ್ಲಿ ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಬಂದಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಷೆಫೀಲ್ಡ್‌ನ ಲೆಕ್ಕದಲ್ಲೂ ಪೋಡಿಯಂ ಹತ್ತದೇ ಮೂರು ವರ್ಷದಲ್ಲಿ ಬಿಟ್ಟುಹೋದ ಕ್ರಿಶ್ಚಿಯನ್ ಫಿಟಿಪಾಲ್ಡಿ ಮೊದಲ ಇಪ್ಪತ್ತರೊಳಗಿದ್ದಾನೆ. ಇಂಥ ಹೆಸರುಗಳನ್ನು ನೋಡಿ ಇಡೀ ಲೆಕ್ಕವನ್ನು ಕಸದ ಬುಟ್ಟಿಗೆ ಹಾಕಬೇಡಿ. ಅಂಥ ಹೆಸರು ಕಂಡಲ್ಲಿ ನಿಂತು, ಯಾವ ಕೊಂಡಿಯಿಂದ ಬಂತು ಅಂತ ಹುಡುಕಿ. ಕೆಟ್ಟ ಕಾರುಗಳಲ್ಲಿ ಸದ್ದಿಲ್ಲದೆ ಚೆನ್ನಾಗಿ ಓಡಿಸಿದ ಎಷ್ಟೋ ಜನರ ಪರಿಚಯ ನನಗೆ ಆಗಿದ್ದು ಹಾಗೆ.

ನಮ್ಮವರ ವಿಷಯದಲ್ಲೂ ಇದೇ ಕಣ್ಣು ಬೇಕು. ಫಾರ್ಮುಲಾ ಒನ್ನಿನಲ್ಲಿ ಅಂಕ ಗಳಿಸಿದ ಒಬ್ಬರೇ ಭಾರತೀಯರು ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. 2005ರ ಇಂಡಿಯಾನಾಪೊಲಿಸ್, ನಾಲ್ಕನೇ ಸ್ಥಾನ, ಐದು ಅಂಕ. ಟೈರ್ ಸುರಕ್ಷಿತವಲ್ಲ ಅಂತ ಮಿಶೆಲಿನ್ ಟೈರಿನ ಹದಿನಾಲ್ಕು ಕಾರುಗಳು ರೇಸ್ ಶುರುವಾಗುವ ಮೊದಲೇ ಪಿಟ್‌ಗೆ ವಾಪಸಾಗಿದ್ದವು. ಉಳಿದದ್ದು ಆರು ಕಾರು. ಐದು ಅಂಕ ಅಂತ ಎದೆ ಉಬ್ಬಿಸುವುದಾಗಲಿ, ಆರೇ ಕಾರಿತ್ತು ಬಿಡಿ ಅಂತ ಮೂಗು ಮುರಿಯುವುದಾಗಲಿ ಬೇಡ. ಆ ವರ್ಷ ಜೋರ್ಡನ್‌ನಲ್ಲಿ ಜೊತೆಗಾರ ಟಿಯಾಗೊ ಮೊಂಟೆರೊ ಎದುರು ಅವರು ಹೇಗಿದ್ದರು ಅಂತ ಸಾಲು ಸಾಲಾಗಿ ಓದಿ. ಅವರಿಗೆ ನಾವು ಕೊಡಬೇಕಾದ ಮರ್ಯಾದೆ ಅದು.

ಬೆಂಗಳೂರಿನ ಕುಶ್ ಮೈನಿ 2025ರ ಮೇನಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟು ಸ್ಪ್ರಿಂಟ್ ಗೆದ್ದಾಗ ನಾನು ಮನೆಯಲ್ಲಿ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಮೊನಾಕೊದಲ್ಲಿ ನಮ್ಮ ರಾಷ್ಟ್ರಗೀತೆ! ಆ ಸ್ಪ್ರಿಂಟ್‌ಗೆ ಕ್ವಾಲಿಫೈಯಿಂಗ್‌ನ ಮೊದಲ ಹತ್ತು ಜನರನ್ನು ಕ್ರಮ ತಿರುಗಿಸಿ ನಿಲ್ಲಿಸುತ್ತಾರೆ, ಹತ್ತನೆಯವನು ಮೊದಲ ಸ್ಥಾನಕ್ಕೆ ಬರುತ್ತಾನೆ. ಕುಶ್ ಹಾಗೆ ಪೋಲ್‌ನಿಂದ ಹೊರಟು, ದಾಟಲು ಜಾಗವೇ ಇಲ್ಲದ ಆ ಬೀದಿಗಳಲ್ಲಿ ಕೊನೆತನಕ ತಪ್ಪು ಮಾಡದೆ ಓಡಿಸಿದರು. ವರ್ಷದ ಒಟ್ಟು ಅಂಕದಲ್ಲಿ ಅದೇ ತಂಡದ ಜೊತೆಗಾರ ಅವರಿಗಿಂತ ಬಹಳ ಮುಂದಿದ್ದ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಎರಡನೆಯದನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು, ಆದರೂ ಬರೆದೆ.

ಇನ್ನು ಕಪ್ ಕೊಡುವ ನಿಯಮದ ಬಗ್ಗೆ ನನ್ನದೊಂದು ಮಾತು. ಅದು ಸರಳವಾಗಿರಲಿ, ಪದೇಪದೇ ಬದಲಾಗದಿರಲಿ. ಮಂಡಕ್ಕಿ ತಿನ್ನುತ್ತಾ ಒಂಬತ್ತನೇ ಕ್ಲಾಸಿನ ಹುಡುಗಿ ಬಾಯಲ್ಲೇ ಕೂಡಿಸುವಂತಿರಲಿ. ವೇಗದ ಲ್ಯಾಪಿನ ಅಂಕವನ್ನು 2025ರಿಂದ ತೆಗೆದುಹಾಕಿದ್ದು ಸರಿ. ಅದರ ಹಿಂದಿನ ವರ್ಷ ಸಿಂಗಪುರದಲ್ಲಿ ಹದಿನೆಂಟನೆಯವನಾಗಿದ್ದ ರಿಕಾರ್ಡೊ ಕೊನೆಯಲ್ಲಿ ಹೊಸ ಟೈರ್ ಹಾಕಿಸಿಕೊಂಡು ವೇಗದ ಲ್ಯಾಪ್ ಓಡಿದ. ಅವನಿಗೆ ಅಂಕ ಸಿಗುವಂತಿರಲಿಲ್ಲ, ನಾರಿಸ್‌ನ ಒಂದು ಅಂಕ ಮಾತ್ರ ಹೋಯಿತು. ಸೂತ್ರ, ಸರಪಳಿ, ಶೇಕಡಾವಾರು ಇವನ್ನೆಲ್ಲ ಕಪ್ಪಿಗೆ ತರಬಾರದು. ಗೆರೆ ದಾಟಿದ ಕ್ಷಣದಲ್ಲಿ ಗೆದ್ದವರು ಯಾರು ಅಂತ ಎಲ್ಲರಿಗೂ ಗೊತ್ತಾಗಬೇಕು. ನಾರಿಸ್ 423 ಅಂಕ ತಂದ, ಕಪ್ ಅವನದು, ಅದರಲ್ಲಿ ಎರಡು ಮಾತಿಲ್ಲ. ಡಚ್ ರೇಸ್‌ನಲ್ಲಿ ಎರಡನೆಯವನಾಗಿ ಓಡುತ್ತಿದ್ದಾಗ ಅವನ ಕಾರು ಎಣ್ಣೆ ಸೋರಿ ನಿಂತದ್ದನ್ನು, ಲಾಸ್ ವೇಗಸ್‌ನಲ್ಲಿ ಎರಡನೆಯವನಾದ ಮೇಲೆ ಕಾರಿನ ತಳ ಸವೆದಿದೆ ಅಂತ ಅನರ್ಹನಾದದ್ದನ್ನು ಮರೆತು ಅವನಿಗೆ ಅರ್ಹತೆಯಿಲ್ಲ ಅನ್ನುವುದು ಬೇಡ. ಅದೇ ಕಾರಿನಲ್ಲಿ ಅವನ ಜೊತೆಗಾರ ಪಿಯಾಸ್ಟ್ರಿಯೂ ಏಳು ರೇಸ್ ಗೆದ್ದ, 410 ಅಂಕ ತಂದ. ನಾರಿಸ್‌ನನ್ನು ಅಳೆಯಬೇಕಾದರೆ ಆ ಸಾಲಿನಿಂದ ಶುರು ಮಾಡಿ. ವರ್ಸ್ಟಾಪೆನ್‌ನ ಎಂಟು ಗೆಲುವು ಎಂಥವು ಅಂತ ನೋಡಬೇಕಾದರೆ ಅವನದೇ ತಂಡದ ಎರಡನೇ ಕಾರು ಆ ದಿನಗಳಲ್ಲಿ ಎಲ್ಲಿತ್ತು ಅಂತ ನೋಡಿ. ನೋಡಿದರೆ ಅವನ ಅಭಿಮಾನಿಗಳಿಗೆ ಬೈಗುಳದ ಅಗತ್ಯವೇ ಬೀಳುವುದಿಲ್ಲ.

ಸೋದರಸೊಸೆಗೆ ಹೊಸ ನೋಟ್‌ಬುಕ್ ತಂದುಕೊಟ್ಟಿದ್ದೇನೆ. ಮೊನ್ನೆ ಇಬ್ಬರೂ ಕೂತು 2026ಕ್ಕೆ ಗೆರೆ ಎಳೆದೆವು. ಈ ಸಲ ಹನ್ನೊಂದು ತಂಡ, ಹನ್ನೊಂದು ಸಾಲು. ಹ್ಯಾಮಿಲ್ಟನ್ ಮತ್ತು ವರ್ಸ್ಟಾಪೆನ್ ಯಾವತ್ತೂ ಒಂದೇ ತಂಡದಲ್ಲಿರಲಿಲ್ಲವಲ್ಲ, ಅವರನ್ನು ಹೋಲಿಸುವುದು ಹೇಗೆ ಅಂತ ಅವಳು ಕೇಳಿದಳು. ಒಂದು ಸರಪಳಿ ಆಗಲೇ ಇದೆ ಅಂದೆ: ಹ್ಯಾಮಿಲ್ಟನ್ ಜೊತೆ ಫೆರಾರಿಯಲ್ಲಿ ಲೆಕ್ಲೇರ್, ಲೆಕ್ಲೇರ್ ಜೊತೆ ಹಿಂದೆ ಸೈನ್ಜ್, ಸೈನ್ಜ್ ಜೊತೆ ಅದಕ್ಕೂ ಹಿಂದೆ, 2015ರಲ್ಲಿ, ಟೊರೊ ರೊಸ್ಸೊದಲ್ಲಿ ಹದಿನೇಳು ವರ್ಷದ ವರ್ಸ್ಟಾಪೆನ್. ಕೊಂಡಿಗಳು ಹಳೆಯವು, ಹ್ಯಾಮಿಲ್ಟನ್‌ಗೂ ವಯಸ್ಸಾಗಿದೆ. ಅವಳು ಪೆನ್ಸಿಲ್ ಕಚ್ಚಿಕೊಂಡು ಕೊನೆಯ ಸಾಲಿನ ಹೆಸರುಗಳನ್ನು ನೋಡುತ್ತಿದ್ದಳು. ಕ್ಯಾಡಿಲಾಕ್, ಹೊಸ ತಂಡ: ಬೊಟ್ಟಾಸ್, ಪೆರೆಸ್. ಬೊಟ್ಟಾಸ್ ಐದು ವರ್ಷ ಹ್ಯಾಮಿಲ್ಟನ್‌ನ ಜೊತೆಗಾರ, ಪೆರೆಸ್ ನಾಲ್ಕು ವರ್ಷ ವರ್ಸ್ಟಾಪೆನ್‌ನ ಜೊತೆಗಾರ. ಗ್ರಿಡ್‌ನ ಹಿಂದಿನ ಸಾಲುಗಳಲ್ಲಿ, ಕ್ಯಾಮೆರಾ ಹೆಚ್ಚಾಗಿ ಹೋಗದ ಜಾಗದಲ್ಲಿ, ಎರಡನೇ ಸರಪಳಿಯ ನಡುವಿನ ಕೊಂಡಿ ಈ ವರ್ಷ ಬೀಳುತ್ತದೆ. ಅವಳು ಆ ಸಾಲಿನ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾಳೆ. ಮೆಲ್ಬರ್ನ್ ರೇಸ್ ನಮ್ಮಲ್ಲಿ ಬೆಳಿಗ್ಗೆ ಬರುತ್ತದೆ. ನಿಮ್ಮ ಮನೆಯಲ್ಲೂ ಒಂದು ನೋಟ್‌ಬುಕ್ ತೆರೆದಿರಲಿ, ಆ ಸಾಲಿನಲ್ಲಿ ನೀವು ಏನು ಬರೆದಿರಿ ಅಂತ ನನಗೆ ತಿಳಿಸಿ.

ಇಂತಿ ನಿಮ್ಮವನೇ ಆದ,
ಒಬ್ಬ ರೇಸ್ ನೋಡುಗ